ಕ್ರಿಮ್ಸನ್ ರಾಯರು

ಬೆಂಗಳೂರಿನಲ್ಲಿ ಒಂದು ಜಾತಿಯ ಗಂಡಸರಿದ್ದಾರೆ. ವಯಸ್ಸು ಅರವತ್ತು ದಾಟಿರುತ್ತದೆ, ಯಾವುದೋ ಸಾರ್ವಜನಿಕ ಉದ್ದಿಮೆಯಿಂದ ನಿವೃತ್ತರಾಗಿರುತ್ತಾರೆ. ಬೆಳಿಗ್ಗೆ ಪೂಜೆ ಮುಗಿಸಿ, ತಿಂಡಿ ತಿಂದು, ಹತ್ತೂವರೆಗೆ ಸರಿಯಾಗಿ ಆಂಪ್ಲಿಫೈಯರಿನ ಸ್ವಿಚ್ಚು ಹಾಕುತ್ತಾರೆ. ನಮ್ಮ ಬೀದಿಯ ಪಾಲಿಗೂ ಅಂಥವರೊಬ್ಬರು ಬಂದಿದ್ದಾರೆ. ಹಣೆಯಲ್ಲಿ ಅಂಗಾರ, ಅಕ್ಷತೆ. ಟೀ ಶರ್ಟಿನ ಎದೆಯ ಮೇಲೆ ಮೂಗಿನ ಹೊಳ್ಳೆ ಅರಳಿಸಿಕೊಂಡು ಚೀರುತ್ತಿರುವ ಒಂದು ಕೆಂಪು ಮುಖ. ಅದು ಕಿಂಗ್ ಕ್ರಿಮ್ಸನ್ ತಂಡದ 1969ರ ಮೊದಲ ಆಲ್ಬಮ್ಮಿನ ಮುಖಪುಟ. ಸೊಪ್ಪಿನವಳು ಮೊದಲ ಸಲ ನೋಡಿದಾಗ ಬುಟ್ಟಿ ಇಳಿಸಿ, "ಯಾವ ಅಮ್ಮ ಸ್ವಾಮಿ ಇದು, ಚೌಡೇಶ್ವರಿನಾ?" ಎಂದು ಕೈಮುಗಿದಳು. ರಾಯರು ಅವಳಿಗೆ ಮೆಲ್ಲೊಟ್ರಾನ್ ಎಂಬ ವಾದ್ಯದಿಂದ ಶುರುಮಾಡಿ ವಿವರಿಸಿದರು. ಅವತ್ತು ಕೊತ್ತಂಬರಿ ಸೊಪ್ಪು ಬಾಡಿತು. ಹುಡುಗರು ಅವರಿಗೆ ಕ್ರಿಮ್ಸನ್ ರಾಯರು ಎಂದು ಹೆಸರಿಟ್ಟರು.

ಸಂಗೀತ ಕೇಳುವುದು ರಾಯರಿಗೆ ಅರ್ಧ ಸುಖ. ಯಾವ ತಂಡ ಯಾವತ್ತು ಕೆಟ್ಟುಹೋಯಿತು ಎಂದು ಪತ್ತೆ ಹಚ್ಚುವುದು ಮಿಕ್ಕರ್ಧ. ತಂಡಗಳ ತಿಥಿಗಳೆಲ್ಲ ಅವರಿಗೆ ಬಾಯಿಪಾಠ. ಅವರ ಶಾಸ್ತ್ರದ ಪ್ರಕಾರ ಎಂಥ ತಂಡವೇ ಆಗಲಿ, ಪಕ್ಕದ ಮನೆಯವರಿಗೆ ಇಷ್ಟವಾದ ದಿನ ಅದರ ಆಯುಸ್ಸು ತೀರಿತು. ಪಿಂಕ್ ಫ್ಲಾಯ್ಡ್ 1971ರ 'ಮೆಡಲ್'ವರೆಗೆ ಇತ್ತು. ಈಗ ಅವರ ಟೀ ಶರ್ಟನ್ನು ಮಾಲಿನಲ್ಲಿ ರಿಯಾಯಿತಿಗೆ ಮಾರುತ್ತಾರೆ, ಇನ್ನೇನು ಪುರಾವೆ ಬೇಕು? ವೆದರ್ ರಿಪೋರ್ಟ್ ತಂಡದ 1977ರ 'ಹೆವಿ ವೆದರ್' ಒಳ್ಳೆಯದೇ, ಆದರೆ ಅದರ ಮೊದಲ ಹಾಡಿಗೆ ಜನ ಕಾಲು ಕುಣಿಸುತ್ತಾರೆ. ಕಾಲು ಕುಣಿಸಲು ಬರುವ ಫ್ಯೂಷನ್ನಿನ ಬಗ್ಗೆ ರಾಯರಿಗೆ ಅನುಮಾನ ಜಾಸ್ತಿ.

ಎದುರು ಮನೆಯ ಎಂಜಿನಿಯರಿಂಗ್ ಹುಡುಗ ಒಮ್ಮೆ ಪಾಪ, ಖುಷಿಪಡಿಸೋಣ ಎಂದೇ ಬಂದ.

"ಅಂಕಲ್, ಜೆನೆಸಿಸ್ ಕೇಳಿದೆ. ಸೂಪರ್!"

"ಯಾವ ಜೆನೆಸಿಸ್?"

"ಇನ್ವಿಸಿಬಲ್ ಟಚ್."

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಸಾವಿನ ಸುದ್ದಿ ಹೇಳುವವರ ದನಿಯಲ್ಲಿ, "ನೋಡಪ್ಪಾ, ಪೀಟರ್ ಗೇಬ್ರಿಯಲ್ 1975ರಲ್ಲಿ ಬಿಟ್ಟು ಹೋದ. ಡ್ರಮ್ಸ್ ಬಾರಿಸ್ಕೊಂಡಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದ. 1976ರ ತನಕ ಕ್ಷಮಿಸಬಹುದು. 77ರಲ್ಲಿ ಸ್ಟೀವ್ ಹ್ಯಾಕೆಟ್ಟೂ ಗಿಟಾರ್ ಹೊತ್ಕೊಂಡು ಹೋದ. ನೀನು ಕೇಳಿದ್ದು 1986ರದ್ದು. ಅಷ್ಟೊತ್ತಿಗೆ ಮನೆಯಲ್ಲಿ ಬೋರ್ಡು ಬಿಟ್ಟು ಇನ್ನೇನೂ ಇರಲಿಲ್ಲ" ಎಂದರು.

ಹುಡುಗ ಫೋನು ತಿಕ್ಕಿ ನೋಡಿದ. "ಆದ್ರೆ ಅಂಕಲ್, ಬ್ರ್ಯಾಂಡ್ ಎಕ್ಸ್ ಅನ್ನೋ ಫ್ಯೂಷನ್ ತಂಡದಲ್ಲಿ ಡ್ರಮ್ಸ್ ಬಾರಿಸಿರೋದೂ ಇವನೇ ಅಂತಲ್ಲ?"

"ಆಹಾ! ಏನು ಕೈ ಅವನದು!"

"ಅದೇ ಫಿಲ್ ಕಾಲಿನ್ಸೇ ಅಂಕಲ್."

"ಅವನೇ ಬೇರೆ, ಇವನೇ ಬೇರೆ."

ತಂಡ ಮುಚ್ಚುವುದನ್ನು ರಾಯರು ಒಂದು ಗುಣವೆಂದೇ ಎಣಿಸುತ್ತಾರೆ. ರಾಬರ್ಟ್ ಫ್ರಿಪ್ 1974ರಲ್ಲಿ 'ರೆಡ್' ಅಂಗಡಿಗೆ ಬರುವ ಮೊದಲೇ ಕಿಂಗ್ ಕ್ರಿಮ್ಸನ್ನಿಗೆ ಬೀಗ ಹಾಕಿದ. "ಮರ್ಯಾದಸ್ಥ" ಎನ್ನುತ್ತಾರೆ. 1981ರಲ್ಲಿ ಅದೇ ಬೀಗ ತೆಗೆದನಲ್ಲ ಎಂದರೆ, "ಅದು ತೀರಾ ಅಗತ್ಯವಿತ್ತು" ಎನ್ನುತ್ತಾರೆ. ಇನ್ನು ಯೆಸ್, ಎಮರ್ಸನ್ ಲೇಕ್ ಅಂಡ್ ಪಾಮರ್, ಕಿಂಗ್ ಕ್ರಿಮ್ಸನ್ ಈ ಮೂರೂ ಮನೆತನದವರು ಸೇರಿ ಏಷ್ಯಾ ಎಂಬ ತಂಡ ಕಟ್ಟಿ, ನಾಲ್ಕು ನಿಮಿಷದ ಹಾಡು ಹಾಡಿ, 1982ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ವಿಷಯ ಅವರ ಮುಂದೆ ಎತ್ತಬಾರದು. ಬಿ.ಪಿ. ಇದೆ.

ಅವರ ಯೌವನವೆಲ್ಲ ಕ್ಯಾಸೆಟ್ಟಿನಲ್ಲಿ ಕಳೆಯಿತು. ವಿದೇಶದಲ್ಲಿದ್ದ ಯಾರದೋ ಅಣ್ಣ ಒಂದು ಎಲ್‌ಪಿ ತಂದರೆ ಇಡೀ ಕಾಲೇಜು ಖಾಲಿ ಕ್ಯಾಸೆಟ್ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲ. ಜೆತ್ರೋ ಟಲ್ ತಂಡದ 'ಥಿಕ್ ಆ್ಯಸ್ ಎ ಬ್ರಿಕ್' 1972ರದ್ದು. ಇಡೀ ಆಲ್ಬಮ್ಮೇ ಒಂದು ಹಾಡು, 43 ನಿಮಿಷಕ್ಕೂ ಹೆಚ್ಚು. ಎಲ್‌ಪಿಯ ಒಂದು ಬದಿಗೆ ಅಷ್ಟು ಹಿಡಿಸುವುದಿಲ್ಲವಾದ್ದರಿಂದ ನಡುವೆ ಕತ್ತರಿಸಿ ಎರಡು ಬದಿಗೆ ಹಂಚಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಎಂದರೆ 45 ನಿಮಿಷ. ರಾಯರು ಟಿಡಿಕೆ ಡಿ-90 ಹಾಕಿ, ಅರ್ಧದಲ್ಲಿ ಪಾಸ್ ಗುಂಡಿ ಒತ್ತಿ, ಎಲ್‌ಪಿ ಮಗುಚಿ, ಮುಳ್ಳು ಇಳಿಸಿ, ಗುಂಡಿ ಬಿಟ್ಟು ಹಾಡನ್ನು ಒಂದೇ ಬದಿಗೆ ತಂದರು. ಜೆತ್ರೋ ಟಲ್‌ನ ಇಯಾನ್ ಆಂಡರ್ಸನ್ ಕೈಲಾಗದ್ದನ್ನು ತಾನು ಹಾಸ್ಟೆಲ್ ರೂಮಿನಲ್ಲಿ ಮಾಡಿದೆ ಎಂಬ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ಗುಂಡಿ ಬಿಟ್ಟ ಜಾಗದಲ್ಲಿ ಒಂದು ಟಕ್ ಸದ್ದು ಉಳಿಯಿತು. ಆಮೇಲೆ ಸಿಡಿ ಕೊಂಡರು. ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದನ್ನೂ ತರಿಸಿದರು. ಎಲ್ಲ ಚೆನ್ನಾಗಿದೆ, ಟಕ್ ಇಲ್ಲ. ಹಾಗಾಗಿ ಅವು ಅಪೂರ್ಣ.

ರಾಯರ ಮನೆಯವರು ಕರ್ನಾಟಕ ಸಂಗೀತದವರು. ಸಂಜೆ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಾರೆ. ಇಂಥ ಸಂಬಂಧವನ್ನು ಜಾತಕ ನೋಡಿ ಕೂಡಿಸಿದ ಜೋಯಿಸರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಒಂದು ಭಾನುವಾರ ಮಹಾವಿಷ್ಣು ಆರ್ಕೆಸ್ಟ್ರಾದ 1973ರ 'ಬರ್ಡ್ಸ್ ಆಫ್ ಫೈರ್' ಹಾಕಿಕೊಂಡು ರಾಯರು ನನಗೆ ಬೆರಳು ಮಡಚಿ ತೋರಿಸುತ್ತಿದ್ದರು. "ಹದಿನೆಂಟು! ಹದಿನೆಂಟು ಬೀಟಿನ ಆವರ್ತ ಸ್ವಾಮಿ! ಜಾನ್ ಮೆಕ್‌ಲಾಫ್ಲಿನ್ ಬಿಟ್ಟರೆ ಈ ಭೂಮಿಯ ಮೇಲೆ ಯಾರು ಯೋಚಿಸ್ತಾರೆ?" ಹತ್ತಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪಿ ಮತ್ತೆ ಹೆಬ್ಬೆರಳಿಗೆ ಹೋದರು. ಅವರ ಮನೆಯವರು ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಮಿಶ್ರ ಜಾತಿ ಅಟ್ಟ ತಾಳಕ್ಕೂ ಹದಿನೆಂಟೇ ಕಣ್ರೀ. ಏಳು, ಏಳು, ಎರಡು, ಎರಡು. ಅದರ ತಮ್ಮ ಹದಿನಾಲ್ಕರದ್ದನ್ನ ನಮ್ಮ ಮಕ್ಕಳು ಅಲಂಕಾರದಲ್ಲೇ ಹಾಡ್ತವೆ."

"ಇದು ಹಾಗಲ್ವೇ, ಇದರ ಒಳಗಿನ ಕಟ್ಟು ಬೇರೆ."

"ಇರಲಿ. ನೀವು ಎಣಿಸಿ, ಆಮೇಲೆ ಹೇಳಿ."

ರಾಯರಿಗೆ ಆಸರೆಯಾಗಲೆಂದು ನಾನು ಶಕ್ತಿ ತಂಡದ ಮಾತೆತ್ತಿದೆ. ಅದೇ ಮೆಕ್‌ಲಾಫ್ಲಿನ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ. 1976ರ ಮೊದಲ ಆಲ್ಬಮ್ ತಿರುಗತೊಡಗಿತು. ಆಕೆ ನಾರು ತೆಗೆಯುವುದನ್ನು ನಿಲ್ಲಿಸಿದರು. "ಘಟ ವಿಕ್ಕು ವಿನಾಯಕರಾಮ್ ಅವರದು. ಕೈ ಗೊತ್ತಾಗಲ್ವೇ? ಪಾಪ, ಆ ಗಿಟಾರಿನವರೂ ಶ್ರದ್ಧೆಯಿಂದ ನುಡಿಸ್ತಿದಾರೆ." ರಾಯರು ಅವತ್ತು ಊಟಕ್ಕೆ ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ಯೆಸ್ ತಂಡದ ವಿಷಯದಲ್ಲಿ ಮಾತ್ರ ರಾಯರು ಹಿಮ್ಮೆಟ್ಟುವವರಲ್ಲ. 1972ರ 'ಕ್ಲೋಸ್ ಟು ದಿ ಎಡ್ಜ್' ಹಾಕಿದರೆ ಅದರ ಮೊದಲ ಹಾಡು ಹದಿನೆಂಟು ನಿಮಿಷ, ಅಷ್ಟು ಹೊತ್ತು ಬಂದವರು ಕೆಮ್ಮುವ ಹಾಗಿಲ್ಲ. ಅನುಭವಸ್ಥರು ಕಾಫಿ ಮೊದಲೇ ಕುಡಿದು ಕೂರುತ್ತಾರೆ. ಮರುವರ್ಷದ 'ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್' ಇನ್ನೂ ದೊಡ್ಡದು. ಎರಡು ಎಲ್‌ಪಿ, ನಾಲ್ಕು ಬದಿ, ಬದಿಗೊಂದೇ ಹಾಡು, ಒಟ್ಟು ಎಂಬತ್ತು ನಿಮಿಷದ ಮೇಲೆ. ಇಂಗ್ಲೆಂಡಿನ ವಿಮರ್ಶಕರಲ್ಲೇ ಹಲವರು ಇದನ್ನು ಎತ್ತಿ ಕುಕ್ಕಿದರು. ರಾಯರಿಗೆ ಅದು ದೊಡ್ಡ ಗ್ರಂಥ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ವಿಂಗಡಣೆ ಓದಿ ಗಾಯಕ ಜಾನ್ ಆಂಡರ್ಸನ್‌ಗೆ ಇದು ಹೊಳೆಯಿತು ಎಂದು ಅವರು ಹೇಳುವಾಗ ಗಂಟಲು ಗದ್ಗದವಾಗುತ್ತದೆ.

"ಅಡಿಟಿಪ್ಪಣಿ ಓದಿ ಎಂಬತ್ತು ನಿಮಿಷವೇ?" ಎಂದರು ಅವರ ಮನೆಯವರು. "ಪೂರ್ತಿ ಪುಸ್ತಕ ಓದಿದ್ದಿದ್ರೆ ನಮ್ಮ ಗತಿ ಏನ್ರೀ?"

ಕೀಬೋರ್ಡಿನ ರಿಕ್ ವೇಕ್‌ಮನ್‌ಗೂ ಇದೇ ಸಂಶಯ ಬಂದಿರಬೇಕು. ಮ್ಯಾಂಚೆಸ್ಟರಿನ ಕಚೇರಿಯಲ್ಲಿ, ಈ ಹಾಡುಗಳ ನಡುವೆ, ವೇದಿಕೆಯ ಮೇಲೇ ಕರ‍್ರಿ ತರಿಸಿಕೊಂಡು ತಿಂದೆನೆಂದು ಆತನೇ ಹೇಳಿಕೊಂಡಿದ್ದಾನೆ. ತಂಡ ಬಿಟ್ಟದ್ದು 1974ರಲ್ಲಿ. ರಾಯರ ಪ್ರಕಾರ ಇದು ಮಹಾಪರಾಧ. ಅವರ ಮನೆಯವರ ಪ್ರಕಾರ ಇಡೀ ತಂಡದಲ್ಲಿ ವಿವೇಕವಿದ್ದ ಮನುಷ್ಯ ಅವನೊಬ್ಬನೇ. ಹೊತ್ತಿಗೆ ಸರಿಯಾಗಿ ಉಂಡ.

ಇಬ್ಬರೂ ಒಪ್ಪಿದ ತಟ್ಟೆ ಒಂದಿದೆ, 1983ರ 'ಜ್ಯೋತಿ'. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಹಾಡಿದವರು ಆರ್.ಎ. ರಮಾಮಣಿ, ಹೊರತಂದದ್ದು ಮ್ಯೂನಿಕ್ಕಿನ ಇಸಿಎಂ. ಅದು ತಿರುಗುವಷ್ಟು ಹೊತ್ತು ಮನೆಯಲ್ಲಿ ಶಾಂತಿ. ನಿಂತ ಮೇಲೆ ಎಲ್ಲಿಡುವುದು ಎಂಬ ಜಗಳ. ರಾಯರ ಕಪಾಟು ಇಂಗ್ಲಿಷ್ ಅಕಾರಾದಿಯದು. ಅವರು ಚಾರ್ಲಿ ಎಂದು ಸಿ ಅಕ್ಷರಕ್ಕೆ ಸೇರಿಸುತ್ತಾರೆ. ಮರುದಿನ ಧೂಳು ಒರೆಸುವ ನೆಪದಲ್ಲಿ ಅದು ಆರ್ ಅಕ್ಷರಕ್ಕೆ ಹೋಗಿರುತ್ತದೆ. "ಹಾಡಿದವರು ರಮಾಮಣಿ. ಸ್ಯಾಕ್ಸೊಫೋನಿನವರು ಪಕ್ಕವಾದ್ಯ." ವರ್ಷಗಟ್ಟಲೆ ಇದೇ ನಡೆಯಿತು. ರಜೆಗೆ ಬಂದ ಮಗಳು ಬೇಸತ್ತು, ಕರ್ನಾಟಕ ಕಾಲೇಜು ಎಂದು ಕೆ ಅಕ್ಷರದಲ್ಲಿ ಇಟ್ಟು ಹೋದಳು. ಈಗ ಅದು ಕಿಂಗ್ ಕ್ರಿಮ್ಸನ್ನಿನ ಸಾಲಿಗೆ ಒತ್ತಿಕೊಂಡೇ ನಿಂತಿದೆ. ರಾಯರು ಬಂದವರಿಗೆಲ್ಲ ಆ ನೆಂಟಸ್ತನ ತೋರಿಸಿ ಬೀಗುತ್ತಾರೆ. ಅವರ ಮನೆಯವರು ಮಾತ್ರ ತಟ್ಟೆಗಳ ಬೆನ್ನ ಮೇಲೆ ಬೆರಳಿಟ್ಟು, ಯಾರು ಮುಂದೆ, ಯಾರು ಹಿಂದೆ ನೋಡ್ಕೊಳ್ಳಿ ಎನ್ನುತ್ತಾರೆ.