ಸ್ವೆಟರಿನ ಸವಾರಿ

ನನ್ನ ಸ್ವೆಟರು ದಿನಕ್ಕೆ 18 ಕಿಲೋಮೀಟರ್ ಪ್ರಯಾಣ ಮಾಡುತ್ತದೆ. ಅದರಲ್ಲಿ ನನ್ನ ಮೈಮೇಲೆ ಇರುವುದು ಎರಡೂವರೆ. ಉಳಿದ ಹದಿನೈದೂವರೆ ಕಿಲೋಮೀಟರನ್ನು ಅದು ಸೈಕಲ್ಲಿನ ಕ್ಯಾರಿಯರ್ ಮೇಲೆ, ಕ್ಲಿಪ್ಪಿನಡಿ ಕೈಕಟ್ಟಿ ಕೂತು, ಊರು ನೋಡಿಕೊಂಡು ಮುಗಿಸುತ್ತದೆ. ಬಣ್ಣ ಗಿಳಿಹಸಿರು. ಹೆಣೆದವರು ನನ್ನ ಅತ್ತಿಗೆ. ಅಳತೆಗೆಂದು ನನ್ನ ಬದಲು ಅಣ್ಣನನ್ನು ನಿಲ್ಲಿಸಿಕೊಂಡಿದ್ದರಿಂದ ಎದೆಯ ಹತ್ತಿರ ಇನ್ನೊಬ್ಬರಿಗೆ ಜಾಗವಿದೆ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಏಳೂವರೆಗೆ ಗೇಟಿನಲ್ಲಿರಬೇಕು. ಆರೂಕಾಲಿಗೆ ಸೈಕಲ್ ಹೊರಗೆ ತೆಗೆಯುವ ಹೊತ್ತಿಗೆ ಬೀದಿಯ ಕೊನೆಯ ದೇವಸ್ಥಾನದ ಧ್ವನಿವರ್ಧಕ ಧನುರ್ಮಾಸದ ಹಾಡುಗಳನ್ನು ಮುಗಿಸಿ ಗಂಟಲು ಸರಿಮಾಡಿಕೊಳ್ಳುತ್ತಿರುತ್ತದೆ, ನಮ್ಮಮ್ಮ ಹೊಸ್ತಿಲಲ್ಲಿ ನಿಂತಿರುತ್ತಾರೆ.

"ಕಿವಿ ಮುಚ್ಕೊಂಡ್ಯೇನೋ?"

"ಮುಚ್ಕೊಂಡಿದೀನಮ್ಮ."

"ಏನು?"

ಅಮ್ಮನೂ ಕಿವಿ ಮುಚ್ಚಿಕೊಂಡಿರುವುದರಿಂದ ಈ ಸಂಭಾಷಣೆ ಸ್ವಲ್ಪ ಹೊತ್ತು ನಡೆಯುತ್ತದೆ. ಚಳಿ ಮನುಷ್ಯನ ಒಳಗೆ ಹೋಗುವುದು ಕಿವಿಯ ಮೂಲಕ ಎಂಬುದು ನಮ್ಮ ಮನೆಯ ಸಿದ್ಧಾಂತ. ಹಾಗಾಗಿ ಮೊದಲು ಹತ್ತಿ, ಅದರ ಮೇಲೆ ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು. ಇಷ್ಟಾದ ಮೇಲೆ ಹಿಂದಿನಿಂದ ಬರುವ ಸಿಟಿ ಬಸ್ಸಿನ ಹಾರನ್ನು ನನಗೆ ಎಲ್ಲೋ ಚಾಮುಂಡಿ ಬೆಟ್ಟದ ತುದಿಯಲ್ಲಿ ಊದಿದ ಶಂಖದಂತೆ ಕೇಳುತ್ತದೆ. ಶೀತದಿಂದ ಉಳಿದು ಬಸ್ಸಿನಡಿ ಹೋಗುವ ಈ ವ್ಯವಸ್ಥೆಯ ಬಗ್ಗೆ ಹೆಂಡತಿಯ ಹತ್ತಿರ ಹೇಳಿದ್ದೆ. "ಬಸ್ಸು ಯಾವತ್ತೋ ಒಂದಿನ ಬರತ್ತೆ ರೀ, ಚಳಿ ದಿನಾ ಇರತ್ತಲ್ಲ" ಅಂದಳು. ನಮ್ಮ ಬಡಾವಣೆಯ ಬಸ್ಸುಗಳನ್ನು ಬಲ್ಲವರು ಈ ಮಾತನ್ನು ತೆಗೆದುಹಾಕಲಾರರು.

ಇಷ್ಟಕ್ಕೂ ಹೊರಗಿನ ಚಳಿ ಎಷ್ಟು? 15 ಡಿಗ್ರಿಯೋ 16 ಡಿಗ್ರಿಯೋ. ಬೆಂಗಳೂರಿನಲ್ಲಿ 1884ರ ಜನವರಿಯಲ್ಲಿ ಒಂದು ದಿನ 7.8 ಡಿಗ್ರಿಗೆ ಇಳಿದಿತ್ತಂತೆ. ಅದಾದ ಮೇಲೆ ಇಷ್ಟು ವರ್ಷವಾದರೂ ಅಷ್ಟು ಕೆಳಗೆ ಇಳಿದಿಲ್ಲ. ನಮ್ಮ ಸ್ಟೋರ್ಸಿನಲ್ಲಿ ಬೀದರ್ ಕಡೆಯವರೊಬ್ಬರಿದ್ದಾರೆ. ಡಿಸೆಂಬರಿನಲ್ಲೂ ಅರ್ಧ ತೋಳಿನ ಅಂಗಿ. ನನ್ನ ವೇಷ ನೋಡಿದಾಗಲೆಲ್ಲ, "ಇದೂ ಒಂದ್ ಥಂಡಿ ಏನ್ರೀ?" ಅನ್ನುತ್ತಾರೆ. ಬೇಸಿಗೆಯಲ್ಲಿ ನಾವು ಸೆಕೆ ಅಂದರೂ ಅವರದು ಅದೇ ಪ್ರಶ್ನೆ. ಎರಡು ಕಡೆಯಿಂದಲೂ ಗೆಲ್ಲುವ ಊರು ಅದು.

ಆದರೆ ಸೈಕಲ್ಲಿನ ಚಳಿಗೂ ಥರ್ಮಾಮೀಟರಿಗೂ ಸಂಬಂಧವಿಲ್ಲ. ಗಾಳಿ ಅಲುಗಾಡದ ಬೆಳಿಗ್ಗೆಯಲ್ಲೂ ನೀವು ಪೆಡಲ್ ತುಳಿದ ಕ್ಷಣದಿಂದ ಎದುರುಗಾಳಿ ಶುರು. ಅದು ನೀವೇ ಹುಟ್ಟಿಸಿಕೊಂಡದ್ದು. ನಿಂತರೆ ಚಳಿಯಿಲ್ಲ, ಹೊರಟರೆ ಚಳಿ, ಅದನ್ನು ಓಡಿಸಲು ಜೋರಾಗಿ ತುಳಿದರೆ ಇನ್ನೂ ಚಳಿ. ಮೊದಲು ಶರಣಾಗುವುದು ಬೆರಳು. ಸ್ಟೀಲಿನ ಬ್ರೇಕ್ ಹಿಡಿ ರಾತ್ರಿಯಿಡೀ ಹೊರಗೆ ನಿಂತು ಕೊರೆಯುತ್ತಿರುತ್ತದೆ. ಬೆಲ್ ಹೊಡೆಯುವ ಹೆಬ್ಬೆರಳಂತೂ ನನ್ನದೇ ಎಂದು ನಂಬಲು ತಿರುಗಿ ನೋಡಬೇಕು. ಅದರ ಮೇಲೆ ಡೈನಮೋ. ಡೈನಮೋದ ತಲೆ ಟೈರಿಗೆ ಒತ್ತಿಕೊಂಡು ತಿರುಗಿದರೆ ತಾನೇ ಬೆಳಕು? ಇಬ್ಬನಿ ಬಿದ್ದ ಟೈರಿನ ಮೇಲೆ ಅದು ಜಾರುತ್ತದೆ. ಹಾಗಾಗಿ ದೀಪ ಬೇಕೇಬೇಕೆನ್ನುವ ಮಂಜಿನ ದಿನವೇ ನನ್ನ ದೀಪ ಕಣ್ಣು ಮಿಟುಕಿಸುತ್ತದೆ, ಬಿಸಿಲು ಬಂದು ಟೈರು ಒಣಗಿದ ಮೇಲೆ ಝಗಝಗ ಉರಿಯುತ್ತದೆ. ನಮ್ಮಪ್ಪನ ಕಾಲದಲ್ಲಿ ದೀಪವಿಲ್ಲದ ಸೈಕಲ್ಲು ಸಿಕ್ಕರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಈಗ ಸೈಕಲ್ಲನ್ನು ಅಷ್ಟು ಗಂಭೀರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ.

ಸರಸ್ವತಿಪುರಂ ಬರುವಷ್ಟರಲ್ಲಿ ಕನ್ನಡಕ ಮಂಜಾಗುತ್ತದೆ. ಮಂಕಿ ಕ್ಯಾಪಿನೊಳಗಿಂದ ಉಸಿರು ಮೇಲೆ ಹೋಗಲು ಇರುವ ದಾರಿ ಅದೊಂದೇ. ಅಲ್ಲಿಂದ ಮುಂದೆ ನಾನು ಅಂದಾಜಿನ ಮೇಲೆ ಸಾಗುವವನು. ಎಡಕ್ಕೆ ಫಿಲ್ಟರ್ ಕಾಫಿಯ ವಾಸನೆ ಬಂದರೆ ಹೋಟೆಲು, ಬಲಕ್ಕೆ ಹುಗ್ಗಿಯ ವಾಸನೆ ಬಂದರೆ ರಾಮನ ಗುಡಿ. ಕಾಫಿ ದಾಟಬಲ್ಲೆ, ಹುಗ್ಗಿಯನ್ನು ದಾಟುವುದು ಕಷ್ಟ. ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ. ದೊನ್ನೆಯ ತಳ ಅಂಗೈಯನ್ನು ಸುಡುತ್ತಿದ್ದರೆ ಹೆಬ್ಬೆರಳು ಮತ್ತೆ ನನ್ನದಾಗುತ್ತದೆ. ಪ್ರಸಾದಕ್ಕೆ ಬೇಡ ಅನ್ನಬಾರದು ಎಂಬುದು ನನ್ನ ಮತ, ಎರಡನೆಯ ದೊನ್ನೆಗೂ ಇದು ಅನ್ವಯ. ಡಾಕ್ಟರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಹೇಳಿದ್ದರಿಂದಲೇ ನಾನು ಸೈಕಲ್ ಹತ್ತಿದ್ದು. ಹುಗ್ಗಿಯೂ ಆ ಸೈಕಲ್ಲಿನಿಂದಲೇ ಸಿಕ್ಕಿದ್ದು. ಲೆಕ್ಕ ಸಮನಾಗಿದೆ ಎಂದುಕೊಂಡಿದ್ದೇನೆ.

ಕುಕ್ಕರಹಳ್ಳಿ ಕೆರೆಯ ಬಳಿ ಸ್ವೆಟರಿನ ಸವಾರಿ ಶುರುವಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ನಡೆದಾಡಿದ ಏರಿ. ನೀರಿನ ಮೇಲೆ ಹೊಗೆಯಂತೆ ಮಂಜು, ಅದರ ನಡುವೆ ಹೆಜ್ಜಾರ್ಲೆಗಳು ದೋಣಿಯ ಹಾಗೆ. ಯಾರಿಗಾದರೂ ಕವಿತೆ ಬರಬೇಕಾದ ಜಾಗ. ನನಗೆ ಬರುವುದು ಬೆವರು. ಪೆಡಲ್ ತುಳಿಯುವವನ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರದ ತನಕ ತಲುಪುವುದು ಹೆಚ್ಚೆಂದರೆ ಕಾಲು ಪಾಲು. ಮಿಕ್ಕ ಮುಕ್ಕಾಲೂ ಬರಿ ಶಾಖ. ಹಾಗೆ ನೋಡಿದರೆ ಸೈಕಲ್ ಸವಾರ ಅಂದರೆ ಚಕ್ರ ಕಟ್ಟಿದ ಬಚ್ಚಲೊಲೆ. ಇಷ್ಟು ಶಾಖ ಮನೆಯಲ್ಲೇ ಹುಟ್ಟುವಂತಿದ್ದರೆ ಬೆಳಿಗ್ಗೆ ನೀರು ಕಾಯುವ ತನಕ ಟವೆಲು ಸುತ್ತಿಕೊಂಡು ನಡುಗುವ ಕಾಲು ಗಂಟೆ ಉಳಿಯುತ್ತಿತ್ತು. ಕೆರೆಯ ಪಕ್ಕ ಸೈಕಲ್ ಸ್ಟ್ಯಾಂಡು ಹಾಕಿ ಮಫ್ಲರು ಬಿಚ್ಚುತ್ತೇನೆ, ಸ್ವೆಟರು ಕಳಚುತ್ತೇನೆ, ಕಿವಿಯ ಹತ್ತಿ ತೆಗೆದು ಜೇಬಿಗಿಡುತ್ತೇನೆ. ಮಂಕಿ ಕ್ಯಾಪನ್ನು ಮಾತ್ರ ತೆಗೆಯುವುದಿಲ್ಲ, ಒಳಗೆ ತಲೆಗೂದಲು ಬೆವೆತಿರುತ್ತದೆ. ಬೆವೆತ ತಲೆಗೆ ಗಾಳಿ ತಾಗಿದರೆ ಏನಾಗುತ್ತದೆ ಎಂದು ಅಮ್ಮ ನಲವತ್ತು ವರ್ಷದಿಂದ ಹೇಳುತ್ತಿದ್ದಾರೆ. ಏನಾಗುತ್ತದೆ ಎಂದು ಪೂರ್ತಿ ಹೇಳಿಲ್ಲ, ಮುಖಭಾವದಲ್ಲೇ ತಿಳಿಸಿದ್ದಾರೆ.

ಹೀಗೆ ಕುತ್ತಿಗೆಯ ಮೇಲೆ ಕಾಶ್ಮೀರವೂ ಕೆಳಗೆ ಮೈಸೂರೂ ಆಗಿ ನಾನು ಗೋಕುಲಂ ಸೇರಿದ್ದು ಹೋದ ವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ. ಗೋಕುಲಂ ಎಂದರೆ ಅಷ್ಟಾಂಗ ಯೋಗ ಕಲಿಯಲು ಬಂದ ವಿದೇಶಿಯರ ಬೀಡು. ತಮ್ಮೂರಿನ ಚಳಿ ತಪ್ಪಿಸಿಕೊಂಡು ಅವರು ಹೆಚ್ಚಾಗಿ ಬರುವುದು ನಮ್ಮ ಚಳಿಗಾಲದಲ್ಲೇ. ನಸುಕಿನಲ್ಲೇ ಯೋಗ ಮುಗಿಸಿ, ತೋಳಿಲ್ಲದ ಬನಿಯನ್ನಿನಲ್ಲಿ, ಎಳನೀರಿನ ಗಾಡಿಯ ಸುತ್ತ ನಿಂತಿರುತ್ತಾರೆ. ಎಳನೀರು ಕೊಚ್ಚುವವನ ತಲೆಯ ಮೇಲೂ ಮಂಕಿ ಕ್ಯಾಪು. ನನ್ನ ಟೈರು ಅಂದು ಪಂಕ್ಚರ್ ಆಗಿತ್ತು. ತಳ್ಳಿಕೊಂಡು ಬಂದು ಅಲ್ಲೇ ನಿಂತೆ.

ಬಾಡಿಗೆ ಸೈಕಲ್ಲಿಗೆ ಒರಗಿ ನಿಂತಿದ್ದ ಉದ್ದನೆಯ ಆಳೊಬ್ಬ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ತುಂಬ ಮರ್ಯಾದೆಯಿಂದ ಕೇಳಿದ: "ನಿಮಗೆ ಹಲ್ಲುನೋವೇ?"

ಚಳಿ ಎಂದೆ. ಅವನು ಆಕಾಶ ನೋಡಿದ, ನನ್ನನ್ನು ನೋಡಿದ, ಎಳನೀರಿನವನನ್ನು ನೋಡಿದ. ಆಮೇಲೆ ತನ್ನ ಊರು ಹೇಳಿದ. ಫಿನ್ಲೆಂಡಿನ ಔಲು. ಧ್ರುವ ವೃತ್ತಕ್ಕೆ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರ. ಡಿಸೆಂಬರಿನ ಕೊನೆಗೆ ಹಗಲು ಮೂರೂವರೆ ಗಂಟೆ. ಅಲ್ಲಿ ಮೈನಸ್ 20 ಡಿಗ್ರಿಯಲ್ಲೂ ಮಕ್ಕಳು ಸೈಕಲ್ ಮೇಲೆ ಶಾಲೆಗೆ ಹೋಗುತ್ತಾರೆ. ಸೈಕಲ್ ದಾರಿಯ ಹಿಮವನ್ನು ಯಂತ್ರ ಬಂದು ಬಳಿದು ಹೋಗುತ್ತದೆ. ಚಳಿಗಾಲದಲ್ಲಿ ಸೈಕಲ್ ತುಳಿಯುವ ಬಗ್ಗೆಯೇ 2013ರಲ್ಲಿ ಆ ಊರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತಂತೆ. ಮಂಜುಗಡ್ಡೆಯ ಮೇಲೆ ಜಾರದಿರಲು ಟೈರಿಗೆ ಲೋಹದ ಮೊಳೆಗಳನ್ನು ಕೂರಿಸಿರುತ್ತಾರೆ ಎಂದ.

"ನಮ್ಮಲ್ಲೂ ಟೈರಿನಲ್ಲಿ ಮೊಳೆ ಇರುತ್ತದೆ" ಎಂದು ನನ್ನ ಹಿಂದಿನ ಚಕ್ರ ತೋರಿಸಿದೆ. "ಮೊನೆ ಮಾತ್ರ ಒಳಗಡೆಗೆ."

ಅವನು ಬಗ್ಗಿ ಪರೀಕ್ಷಿಸಿ ತಲೆದೂಗಿದ. ನನ್ನ ಜೀವನದಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆದಿದ್ದರೆ ಅದು ಅಷ್ಟೇ.

ಅಂದಿನಿಂದ ದಿನವೂ ಅವನ ಬನಿಯನ್ನಿಗೂ ನನ್ನ ಟೋಪಿಗೂ ದೂರದಿಂದಲೇ ನಮಸ್ಕಾರ. ಒಳಗೊಳಗೇ ನನಗೆ ಅವಮಾನ. ಒಂದು ದಿನ ಮಾನ ಉಳಿಸಿಕೊಳ್ಳಲು ಕ್ಯಾಪನ್ನೂ ಕೆರೆಯ ಹತ್ತಿರವೇ ತೆಗೆದೆ; ಮಾರನೆಯ ದಿನ ಮೂಗು ಕಟ್ಟಿತು. "ಹೇಳಿರಲಿಲ್ವಾ?" ಎಂದರು ಅಮ್ಮ, ಏನನ್ನೂ ಹೇಳದೆಯೇ.

ಸಂಜೆಯ ದಾರಿಯದು ಬೇರೆ ಕಥೆ, ಅದರಲ್ಲಿ ಚಳಿಯೇ ಇಲ್ಲ. ಐದಕ್ಕೆ ಗೇಟಿನಿಂದ ಹೊರಬಿದ್ದರೆ ಬಿಸಿಲು ಕೆನ್ನೆಗೆ. ಹ್ಯಾಂಡಲ್ಲಿನ ಎಡಕ್ಕೆ ಎರಡು ಕೆಜಿ ಅವರೆಕಾಯಿ, ಬಲಕ್ಕೆ ಎರಡು ಕೆಜಿ. ಸೊಗಡು ಎಷ್ಟಿರುತ್ತದೆ ಎಂದರೆ ಬೆಲ್ಲಿನ ಅಗತ್ಯವಿಲ್ಲ, ಜನ ವಾಸನೆಗೇ ತಿರುಗಿ ದಾರಿ ಬಿಡುತ್ತಾರೆ, ಕೆಜಿಗೆ ಎಷ್ಟು ಅಂತಲೂ ಕೇಳುತ್ತಾರೆ. ನಾನು ಸೈಕಲ್ಲಿನಲ್ಲಿ ಹೋಗುವುದನ್ನು ಮನೆಯಲ್ಲಿ ವಿರೋಧಿಸದೆ ಇರುವುದಕ್ಕೆ ಈ ಹ್ಯಾಂಡಲ್ಲೇ ಕಾರಣವಿರಬೇಕು. ಹಿತುಕಿದ ಬೇಳೆಯ ಸಾರಿನ ಮುಂದೆ ಕೂತಾಗ ನಾನೂ ತಕರಾರು ಎತ್ತುವುದಿಲ್ಲ.

ಸಂಕ್ರಾಂತಿಗೆ ಹಗಲು ಬೆಳೆಯುತ್ತದೆ ಎಂದು ಎಳ್ಳು ಬೆಲ್ಲ ಹಂಚುತ್ತೇವಲ್ಲ, ಬೆಳೆಯುವುದು ಸಂಜೆಯ ತುದಿಯಲ್ಲಿ ಮಾತ್ರ. ಬೆಳಗಿನ ಸೂರ್ಯ ಜನವರಿಯ ಕೊನೆಯ ವಾರದವರೆಗೂ ಏಳುವುದನ್ನು ಮುಂದೆ ಹಾಕುತ್ತಲೇ ಇರುತ್ತಾನೆ; ಡಿಸೆಂಬರ್ 22ಕ್ಕಿಂತ ಸುಮಾರು ಹತ್ತು ನಿಮಿಷ ತಡ. ಪಂಚಾಂಗ ಇಟ್ಟುಕೊಂಡವರಿಗೂ ಇದನ್ನು ಹೇಳಿ ನಂಬಿಸುವುದು ಕಷ್ಟ. ಆರೂಕಾಲಿಗೆ ಸೈಕಲ್ ತೆಗೆಯುವವನಿಗೆ ಗೊತ್ತು.

ನಿಜವಾದ ಚಳಿ ಬಂದದ್ದು ಬಂಗಾಳ ಕೊಲ್ಲಿಯಿಂದ. ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೂರು ದಿನ ಜಿಟಿಜಿಟಿ, ಬೂದಿ ಬಣ್ಣದ ಆಕಾಶ, ಹಗಲಿಗೂ ರಾತ್ರಿಗೂ ಒಂದೇ ಥಂಡಿ. ಉಣ್ಣೆಯ ಸ್ವೆಟರು ನೆನೆದು ಕುರಿಯ ವಾಸನೆ ಹಿಡಿಯಿತು, ಎರಡು ಪಾಲು ತೂಕವಾಯಿತು. ಬಿಚ್ಚಿದರೆ ನಡುಕ, ಹಾಕಿಕೊಂಡರೆ ಕುರಿ. ಕುರಿಯೇ ವಾಸಿ ಎಂದು ಹಾಕಿಕೊಂಡೇ ಗೋಕುಲಂ ತಲುಪಿದೆ. ಔಲು ಊರಿನವನು ಎಳನೀರಿನ ಗಾಡಿಯ ಟಾರ್ಪಾಲಿನಡಿ, ಹಾಸಿಗೆಯ ಹೊದಿಕೆ ಸುತ್ತಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದ.

"ನಮ್ಮೂರಿನಲ್ಲಿ ಚಳಿ ಮನೆಯ ಹೊರಗಿರುತ್ತದೆ" ಎಂದ ಸೀನುತ್ತ. "ಒಳಗೆ 21 ಡಿಗ್ರಿ. ಇಲ್ಲಿ ಚಳಿ ನಮ್ಮ ಜೊತೆಗೇ ಮನೆಯೊಳಗೆ ಬಾಡಿಗೆಗಿದೆ. ನೆಲ, ಗೋಡೆ, ಸ್ನಾನದ ಮನೆ, ಎಲ್ಲ ಕಲ್ಲು!" ಮಧ್ಯರಾತ್ರಿ ಎದ್ದು ಬರಿಗಾಲನ್ನು ಮೊಸಾಯಿಕ್ ನೆಲಕ್ಕೆ ಇಟ್ಟ ಕಥೆಯನ್ನು, ಮಂಜುಗಡ್ಡೆಯೊಡೆದು ನದಿಗೆ ಬಿದ್ದವನ ಧಾಟಿಯಲ್ಲಿ ಹೇಳಿದ. ಆಮೇಲೆ ನನ್ನ ತಲೆ ತೋರಿಸಿ, "ಅದು ಎಲ್ಲಿ ಸಿಗುತ್ತದೆ?" ಎಂದು ಕೇಳಿದ.

ಚಳಿಗಾಲಕ್ಕೆ ರಸ್ತೆ ಬದಿಯಲ್ಲಿ ಅಂಗಡಿ ಹಾಕುವ ಟಿಬೆಟಿಯನ್ನರ ಬಳಿ ಎಂದೆ. ಹಿಮಾಲಯದಾಚೆಯಿಂದ ಬಂದು 1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವವರು, ಲುಧಿಯಾನದಲ್ಲಿ ತಯಾರಾದ ಮಾಲನ್ನು ಮೈಸೂರಿನಲ್ಲಿ ಮಾರುತ್ತಾರೆ, ಅದನ್ನು ಈಗ ಫಿನ್ಲೆಂಡಿನವನು ಕೊಳ್ಳಬೇಕಾಗಿದೆ. ಮಂಕಿ ಕ್ಯಾಪು ಇಷ್ಟು ದೂರ ಬೆಳೆದದ್ದು ಕಂಡು ನನಗೆ ಹೆಮ್ಮೆಯಾಯಿತು.

ಮರುದಿನ ಮಳೆ ನಿಂತಿತ್ತು. ಗಾಡಿಯ ಹತ್ತಿರ ಅವನು ಕಾಫಿ ಬಣ್ಣದ ಹೊಸ ಕ್ಯಾಪಿನಲ್ಲಿ ನಿಂತಿದ್ದ, ಕಣ್ಣು ಮತ್ತು ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ನಾನು. ಎದುರಿಗೆ ಮಚ್ಚು ಹಿಡಿದ ಎಳನೀರಿನವನು, ಅವನದೂ ಅದೇ ವೇಷ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಮ್ಮ ಮೂವರನ್ನೂ ಮಚ್ಚನ್ನೂ ನೋಡಿ ರಸ್ತೆಯ ಆ ಬದಿಗೆ ಸರಿದರು.

ನಾನು ಎರಡು ಎಳನೀರು ಕೇಳಿದೆ. ಎಳನೀರಿನವನು ನಮ್ಮಿಬ್ಬರ ಮುಖ, ಅಂದರೆ ಕಾಣುವಷ್ಟನ್ನು, ನೋಡಿ ಮಚ್ಚು ಕೆಳಗಿಟ್ಟ.

"ಬ್ಯಾಡಿ ಸಾ. ಈ ಚಳೀಲಿ ಇದ್ ಕುಡುದ್ರೆ ಸೀತ ಆಯ್ತದೆ. ಆ ಮೂಲೇಲಿ ಟೀ ಅದೆ, ಓಗಿ."