ಬಾನೆಟ್ ಎತ್ತಿದೊಡನೆ ಸೇರುವ ಮಹನೀಯರಿಗೆ

ತ್ಯಾವಣಿಗೆಯ ಹಿರಿಯರೇ, ಕಿರಿಯರೇ, ಕೆಲಸ ಬಿಟ್ಟು ನಿಂತವರೇ, ಕೆಲಸವಿಲ್ಲದೆ ನಿಂತವರೇ,

ಕರೆಯದೆ ಬರುವ, ಕಾಸು ಕೇಳದ, ಭಾನುವಾರವೂ ರಜೆ ಹಾಕದ ಸೇವೆಯೊಂದು ಚನ್ನಗಿರಿ ತಾಲ್ಲೂಕಿನಲ್ಲಿ ಇದ್ದರೆ ಅದು ನಿಮ್ಮದೇ. ಹಳೆ ಜೀಪಿನ ಬಾನೆಟ್ ಎದ್ದರೆ ಸಾಕು, ಅಡಿಕೆ ಖೇಣಿದಾರರು ತೋಟದ ಲೆಕ್ಕ ನಿಲ್ಲಿಸಿ ಬರುತ್ತಾರೆ. ನಿವೃತ್ತ ಮೇಷ್ಟ್ರು ಪೇಪರು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬರುತ್ತಾರೆ. ಬೋರ್‌ವೆಲ್ ಲಾರಿಯ ಡ್ರೈವರಣ್ಣ ಬೀಡಿ ಆರಿಸಿ ಬರುತ್ತಾನೆ. ಮೊಬೈಲು ಹಿಡಿದ ತಮ್ಮಂದಿರಂತೂ ಬಾನೆಟ್ ಏಳುವ ಮೊದಲೇ ಬಂದಿರುತ್ತಾರೆ. ಇಂಥ ಸಲಹಾ ಮಂಡಳಿಯ ಸೇವೆಗೆ ಸಾರ್ವಜನಿಕವಾಗಿ ವಂದನೆ ಸಲ್ಲಿಸಬೇಕೆಂದೇ ಈ ಪತ್ರ.

ನಿಮ್ಮ ಸಭೆಯ ನಡಾವಳಿ ನನಗೆ ಬಹಳ ಇಷ್ಟ. ಕೋರ್ಟಿನಲ್ಲಿ ಮೊದಲು ವಿಚಾರಣೆ, ಆಮೇಲೆ ತೀರ್ಪು. ನಿಮ್ಮಲ್ಲಿ ಆ ವಿಳಂಬವೇ ಇಲ್ಲ. 'ಬ್ಯಾಟ್ರಿ ಹೋಗೇತಿ, ತಗಸ್ರಿ' ಎಂದು ಒಬ್ಬರು. 'ಬ್ಯಾಟ್ರಿ ಅಲ್ಲ, ಸೆಲ್ಫ್' ಎಂದು ಇನ್ನೊಬ್ಬರು. 'ಕಾಯಿಲ್ ನೋಡ್ರಿ, ಕಾಯಿಲ್' ಎಂದು ಹಿಂದಿನಿಂದ ಮೂರನೆಯವರು. ಇದು ಡೀಸೆಲ್ ಗಾಡಿ, ಇದರಲ್ಲಿ ಇಗ್ನಿಷನ್ ಕಾಯಿಲೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ ಎಂದು ಹೇಳಿ ಸಭೆಯ ಉತ್ಸಾಹಕ್ಕೆ ತಣ್ಣೀರೆರಚುವುದು ಸಭ್ಯತೆಯಲ್ಲ. ಹಾಗಾಗಿ ಆ ಸಲಹೆಯನ್ನೂ ಗೌರವದಿಂದ ದಾಖಲಿಸಿಕೊಂಡಿದ್ದೇನೆ.

ಜೀಪಿನ ಕುಲಗೋತ್ರ ನಿಮಗೆ ಗೊತ್ತಿದ್ದರೂ ಒಮ್ಮೆ ಹೇಳಿಬಿಡುತ್ತೇನೆ. ಅಮೆರಿಕದ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಆ ವಂಶದಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು ನಮ್ಮ ಈ ಎಂಎಂ 540. ಪ್ಯೂಜೋ ವಿನ್ಯಾಸದ 2.1 ಲೀಟರಿನ ಡೀಸೆಲ್ ಎಂಜಿನ್, ಮುಂದಕ್ಕೆ ನಾಲ್ಕು ಗೇರು, ಗೇರ್‌ಬಾಕ್ಸಿನ ಬೆನ್ನಿಗೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುವಷ್ಟು ಬಟಾಬಯಲು. ಬಹುಶಃ ಅದಕ್ಕೇ ಯಾರೂ ನೋಡುವುದಿಲ್ಲ.

ಮೇಷ್ಟ್ರೇ, ಈ ಭಾಗ ವಿಶೇಷವಾಗಿ ತಮಗೆ. ಓಮನ ನಿಯಮವನ್ನು ಬೋರ್ಡಿನ ಮೇಲೆ ಬರೆದು ನಮ್ಮ ತಲೆಗೆ ಇಳಿಸಿದವರು ತಾವೇ. ತಣ್ಣಗಿರುವ ಡೀಸೆಲ್ ಎಂಜಿನನ್ನು ತಿರುಗಿಸಲು ಸೆಲ್ಫ್ ಮೋಟಾರು 200 ಆಂಪಿಯರ್‌ಗೂ ಮೀರಿ ಕರೆಂಟ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಒಂದು ಬೋಲ್ಟು, ಅದರ ಅಡ್ಡಿ ಓಮಿನ ನೂರನೇ ಒಂದು ಭಾಗ ಮಾತ್ರ ಎಂದಿಟ್ಟುಕೊಳ್ಳಿ. 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್. 12 ವೋಲ್ಟಿನ ಗಾಡಿಯಲ್ಲಿ 2 ವೋಲ್ಟು ಒಂದು ಬೋಲ್ಟಿನಲ್ಲೇ ಮಾಯ. ನಮ್ಮ ಭದ್ರಾ ನಾಲೆಯಲ್ಲೂ ಆಗುವುದು ಇದೇ: ಡ್ಯಾಂ ತುಂಬಿರುತ್ತದೆ, ಕೊನೇ ಭಾಗದ ಗದ್ದೆಗೆ ನೀರಿರುವುದಿಲ್ಲ. ಆಗ ಯಾರಾದರೂ 'ಡ್ಯಾಂ ಬದಲಾಯಿಸ್ರಿ' ಎನ್ನುತ್ತಾರೆಯೇ? ಏರಿ ಹಿಡಿದು ನಡೆದು, ತೂಬಿನಿಂದ ತೂಬಿಗೆ ನೋಡುತ್ತಾ ಹೋಗುತ್ತಾರೆ. ಜೀಪಿನ ವಿಷಯದಲ್ಲಿ ಮಾತ್ರ ನಿಮ್ಮ ತೀರ್ಪಿಗೆ ತಲೆಬಾಗಿ ಹೊಸ ಡ್ಯಾಮನ್ನೇ ಕೊಂಡು ತಂದ ಮಾಲೀಕರು ಈ ಹೋಬಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ತೂಬಿನಿಂದ ತೂಬಿಗೆ ಹೋಗುವ ಆ ನಡಿಗೆಗೆ ಜೀಪಿನಲ್ಲಿ ಬೇಕಾದದ್ದು ಒಂದು ಮಲ್ಟಿಮೀಟರ್. ನಾಲ್ಕು ಜನ ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು ಬರುವ ಖರ್ಚಿಗಿಂತ ಅದರ ಬೆಲೆ ಹೆಚ್ಚಿಲ್ಲ. ಎಂಜಿನ್ ನಿಂತು ಕೆಲ ಹೊತ್ತು ಕಳೆದ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿನೊಳಗೆ ಇದ್ದರೆ ಸರಿ. 2 ತೋರಿಸಿದರೆ ಕಳ್ಳ ಅರ್ತ್ ದಾರಿಯಲ್ಲೇ ಕೂತಿದ್ದಾನೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದಕ್ಕೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರಬೇಕು. ಅದು ಕಿತ್ತುಹೋದರೆ ಕರೆಂಟು ಸುಮ್ಮನೆ ಕೂರುವುದಿಲ್ಲ, ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಮನೆಗೆ ಹೋಗಲು ನೋಡುತ್ತದೆ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾದರೆ ಕಾರಣ ಇದೇ. ಆ ಬಿಸಿಯನ್ನು ಮುಟ್ಟಿ ನೋಡಿಯೂ 'ಕೇಬಲ್ ಡೂಪ್ಲಿಕೇಟು' ಎಂದ ಖೇಣಿದಾರರಿಗೆ ನನ್ನ ಪ್ರತ್ಯೇಕ ನಮಸ್ಕಾರ.

ಡ್ಯಾಶ್‌ಬೋರ್ಡಿನ ಕೆಂಪು ದೀಪದ ಬಗ್ಗೆಯೂ ನಿಮ್ಮ ಮಂಡಳಿಯ ನಿರ್ಣಯವಿದೆ: ದೀಪ ಹತ್ತಿಲ್ಲವೆಂದರೆ ಚಾರ್ಜ್ ಚೆನ್ನಾಗಿದೆ. ಒಳ್ಳೆಯ ನಿರ್ಣಯ, ಬಲ್ಬೇ ಸುಟ್ಟಿರದಿದ್ದರೆ. ಊರಿನ ಬಾಯಲ್ಲಿ ಇಂದಿಗೂ ಡೈನಮೋ ಆಗಿಯೇ ಉಳಿದಿರುವ ಆಲ್ಟರ್ನೇಟರ್‌ಗಳಲ್ಲಿ ಹಲವು, ಕೆಲಸ ಶುರುಮಾಡಲು ಬೇಕಾದ ಮೊದಲ ಗುಟುಕು ಕರೆಂಟನ್ನು ಆ ದೀಪದ ಮೂಲಕವೇ ಕುಡಿಯುತ್ತವೆ. ಬಲ್ಬ್ ಸತ್ತರೆ ಆಲ್ಟರ್ನೇಟರ್ ಏಳುವುದಿಲ್ಲ, ದೀಪವೂ ದೂರು ಹೇಳುವುದಿಲ್ಲ. ಕೀ ತಿರುಗಿಸಿದಾಗ ದೀಪ ಹತ್ತಬೇಕು, ಎಂಜಿನ್ ಎದ್ದಮೇಲೆ ಆರಬೇಕು, ಆಗ ಬ್ಯಾಟರಿಯ ಮೇಲೆ ಮೀಟರ್ 14 ವೋಲ್ಟಿನ ಆಸುಪಾಸು ತೋರಿಸಬೇಕು. ಮೂರೂ ಆದಮೇಲೆ ಚೆನ್ನಾಗಿದೆ ಎನ್ನೋಣ.

ಈಗ ತಮ್ಮಂದಿರ ಸರದಿ. ಸೂಳೆಕೆರೆ ಏರಿಯ ಮೇಲೆ ರೀಲ್ಸ್ ಮಾಡಲು ಒಣಗಿದ ಟಾರು ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿ ತಿರುವು ತೆಗೆದಿರಿ. ಆಮೇಲೆ ಅದರ ಲಿವರ್ ವಾಪಸ್ ಬರಲಿಲ್ಲ. 'ಗೇರ್‌ಬಾಕ್ಸ್ ಇಳಿಸಬೇಕು' ಎಂದು ಮಂಡಳಿ ಒಮ್ಮತದಿಂದ ಘೋಷಿಸಿತು. ಜೀಪು ಹೇಳಲು ನೋಡಿದ್ದು ಬೇರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಮುಂದಕ್ಕೂ ಹಿಂದಕ್ಕೂ ನಡುವೆ ಆ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಈ ಜೀಪಿನಲ್ಲಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ತೀರಿಸಿಕೊಳ್ಳುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲ. ಶಾಫ್ಟುಗಳು ತಿರುಚಿಕೊಂಡು ಹಲ್ಲುಗಳು ಒಂದನ್ನೊಂದು ಕಚ್ಚಿ ನಿಲ್ಲುತ್ತವೆ. ಮದ್ದು: ನೆಟ್ಟಗೆ ಸ್ವಲ್ಪ ದೂರ ರಿವರ್ಸ್ ಹೋಗುವುದು, ಇಲ್ಲವೇ ಮಣ್ಣಿನ ದಾರಿಗೆ ಇಳಿಸುವುದು. ಲಿವರ್ ತಾನೇ ಸಡಿಲವಾಗುತ್ತದೆ. ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಹಾಕಿ ಫೋರ್ ವ್ಹೀಲಿನಲ್ಲಿ ಓಡಿಸಿದರೆ ನೇರ ರಸ್ತೆಯಲ್ಲೂ ಇದೇ ಕಥೆ. ಆದರೆ ರಿವರ್ಸ್ ಹೋಗುವ ವಿಡಿಯೊಗೆ ಲೈಕು ಬರುವುದಿಲ್ಲ, ಗೇರ್‌ಬಾಕ್ಸ್ ಇಳಿಸುವ ವಿಡಿಯೊಗೆ ಬರುತ್ತದೆ. ನಿಮ್ಮ ಕಷ್ಟ ಅರ್ಥವಾಗುತ್ತದೆ.

ಡ್ರೈವರಣ್ಣ, ನಿನ್ನ ಕಿವಿಯ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ. ಗಾಡಿ ಗೊರಗುಟ್ಟಿದ ಕೂಡಲೇ 'ಕ್ರೌನ್ ಹೋಗೇತಿ' ಎನ್ನುತ್ತೀಯಲ್ಲ, ಅಷ್ಟೇ ಅವಸರ ಬೇಡ. ನ್ಯೂಟ್ರಲ್‌ನಲ್ಲಿ ನಿಂತಾಗ ಬರುವ ಸದ್ದು ಕ್ಲಚ್ ಒತ್ತಿದರೆ ನಿಂತಿತೇ? ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಮೇಲೆ ಸಂಶಯಪಡು. ಒತ್ತಿದಾಗ ಮಾತ್ರ ಬಂತೇ? ರಿಲೀಸ್ ಬೇರಿಂಗ್. ಒಂದು, ಎರಡು, ಮೂರರಲ್ಲಿ ಅತ್ತು ನಾಲ್ಕರಲ್ಲಿ ಸುಮ್ಮನಾಯಿತೇ? ನಾಲ್ಕನೇ ಗೇರಿನಲ್ಲಿ ಶಕ್ತಿ ನೇರವಾಗಿ ಹಾದುಹೋಗುತ್ತದೆ, ಕೆಳಗಿನ ಕೌಂಟರ್ ಶಾಫ್ಟಿಗೆ ಹೊರೆಯಿಲ್ಲ. ಅಳುತ್ತಿರುವುದು ಅದೇ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಗಾಡಿಯ ವೇಗಕ್ಕೆ ತಕ್ಕಂತೆ ಸದ್ದು ಏರಿಳಿಯಿತೇ? ಆಗ ಹಿಂದಕ್ಕೆ ಹೋಗು: ಟ್ರಾನ್ಸ್‌ಫರ್ ಕೇಸು, ಶಾಫ್ಟಿನ ಕ್ರಾಸು, ಕೊನೆಗೆ ಆಕ್ಸಲಿನೊಳಗಿನ ನಿನ್ನ ಪ್ರೀತಿಯ ಕ್ರೌನು. ಏನನ್ನೂ ಬಿಚ್ಚುವ ಮುನ್ನ ಆಯಿಲ್ ಮಟ್ಟ ನೋಡುವುದೂ ಪಾಪದ ಕೆಲಸವಲ್ಲ. ನಡುವಿನ ಸೀಲ್ ಸವೆದರೆ ಗೇರ್‌ಬಾಕ್ಸಿನ ಆಯಿಲ್ ಟ್ರಾನ್ಸ್‌ಫರ್ ಕೇಸಿಗೆ ಹೋಗಿ ಸೇರುತ್ತದೆ. ನೆಲಕ್ಕೆ ಒಂದು ಹನಿ ಬೀಳದೆ ಗೇರ್‌ಬಾಕ್ಸ್ ಒಣಗುತ್ತದೆ. 'ಲೀಕ್ ಇಲ್ಲ, ಆಯಿಲ್ ಇರ್ತದೆ' ಎಂಬ ನಿನ್ನ ತರ್ಕ ಅಲ್ಲಿ ನಡೆಯುವುದಿಲ್ಲ.

ಇದೆಲ್ಲ ನಾನು ಕಂಡುಹಿಡಿದದ್ದಲ್ಲ. 1944ರಲ್ಲಿ ಅಮೆರಿಕದ ಯುದ್ಧ ಇಲಾಖೆ ಇದೇ ಜೀಪಿನ ಮೂಲಪುರುಷನಿಗೆ ಟಿಎಂ 9-803 ಎಂಬ ಕೈಪಿಡಿ ಅಚ್ಚುಹಾಕಿಸಿತು. ಅದರಲ್ಲಿ ದೋಷ ಹುಡುಕಲೆಂದೇ ಒಂದು ಭಾಗವಿದೆ: ಲಕ್ಷಣ ಇದು, ಕಾರಣ ಇವು, ಮಾಡಬೇಕಾದದ್ದು ಇದು. ಹಳ್ಳಿಯಿಂದ ಬಂದ ಇಪ್ಪತ್ತರ ಹುಡುಗನೂ ಗುಂಡಿನ ಸದ್ದಿನ ನಡುವೆ ಕ್ರಮವಾಗಿ ಹುಡುಕಲಿ ಎಂಬ ಏರ್ಪಾಡು. ಎರಡನೇ ಮಹಾಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಪ್ರತಿಯೊಂದರ ಸುತ್ತ ಒಂದೊಂದು ಸಲಹಾ ಮಂಡಳಿ ಸೇರಲು ಬಿಟ್ಟಿದ್ದರೆ ಯುದ್ಧ ಇನ್ನೂ ಮುಗಿಯುತ್ತಿರಲಿಲ್ಲ.

ಹಾಗೆಂದು ಮಂಡಳಿಯನ್ನು ವಿಸರ್ಜಿಸಿ ಎಂದು ನಾನು ಹೇಳಲಾರೆ. ನೀವು ಬೇಕು. ಸೆಲ್ಫ್ ಹೊಡೆಯದೆ ನಿಂತ ಡೀಸೆಲ್ ಜೀಪನ್ನು ಕೀ ಹಾಕಿ, ಎರಡನೇ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ ಹಿಡಿದು ತಳ್ಳಿಸಿ, ವೇಗ ಬಂದಾಗ ಕ್ಲಚ್ ಬಿಟ್ಟರೆ ಎಂಜಿನ್ ಎದ್ದುಕೊಳ್ಳಬೇಕು. ಎದ್ದರೆ ಎಂಜಿನ್ನೂ ಡೀಸೆಲ್ಲೂ ಸರಿ, ದೋಷ ಬ್ಯಾಟರಿಯಿಂದ ಸೆಲ್ಫಿನವರೆಗೆ ಎಲ್ಲೋ ಇದೆ. ಮೇಲಾಗಿ, ಚಕ್ರ ತಿರುಗಿ ಎಂಜಿನ್ ತಿರುಗಿತೆಂದರೆ ಕ್ರೌನು, ಕ್ರಾಸು, ಗೇರು, ಕ್ಲಚ್ ಒಂದೂ ಕೈಕೊಟ್ಟಿಲ್ಲ ಎಂದಾಯಿತು. ಒಂದೇ ತಳ್ಳಿಗೆ ಇಷ್ಟು ಉತ್ತರ! ಇದಕ್ಕೆ ಮೀಟರೂ ಬೇಡ, ಸ್ಪ್ಯಾನರೂ ಬೇಡ, ಆರೆಂಟು ಜನರ ತೋಳು ಸಾಕು. ಅದು ನಿಮ್ಮಲ್ಲಿ ಧಾರಾಳವಾಗಿದೆ.

ಆದ್ದರಿಂದ ಮುಂದಿನ ಸಭೆಯಿಂದ ಒಂದು ಸಣ್ಣ ತಿದ್ದುಪಡಿಯನ್ನು ಜಾರಿಗೆ ತರಬೇಕೆಂದು ಕೋರುತ್ತೇನೆ: ಅಭಿಪ್ರಾಯ ಇರುವವರೆಲ್ಲರೂ ಬಾನೆಟ್ಟಿನ ಹತ್ತಿರ ನಿಲ್ಲದೆ ಜೀಪಿನ ಹಿಂಭಾಗಕ್ಕೆ ಬರತಕ್ಕದ್ದು.

ಇಂತಿ,
ಸ್ಟೇರಿಂಗ್ ಹಿಡಿದು ಕೂತಿರುವ ತಮ್ಮ ವಿಧೇಯ