ಮನೆ ಮಾಲೀಕರಿಗೊಂದು ಎಣಿಕೆಯ ಅರಿಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರದ ಸಮಸ್ತ ಮನೆ ಮಾಲೀಕ ಮಹಾಶಯರಿಗೆ, ಬಾಡಿಗೆದಾರನೊಬ್ಬನ ಸಾಷ್ಟಾಂಗ ನಮಸ್ಕಾರ.

ಎಣಿಕೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಊರಿಂದ ಬಂದ ಅತ್ತೆ ಎಷ್ಟು ದಿನ ಉಳಿದರು, ಕಾವೇರಿ ನೀರು ಬಂದಾಗ ಯಾರು ಎಷ್ಟು ಬಕೆಟ್ ಹಿಡಿದರು, ಗೋಡೆಗೆ ಬಿದ್ದ ಮೊಳೆಗಳೆಷ್ಟು, ಎಲ್ಲವೂ ತಮಗೆ ಬಾಯಿಪಾಠ. ಮೆಟ್ಟಿಲ ಪಕ್ಕದ ಪೈಪಿನೊಳಗೆ ಎಷ್ಟು ವೈರಿದೆ ಎಂಬುದೊಂದನ್ನು ಮಾತ್ರ ಬಿಟ್ಟಿರಲ್ಲ, ಸ್ವಾಮಿ?

ಟ್ವೆಂಟಿ ಥರ್ಟಿ ಸೈಟು. ಕೆಳಗೆ ಪಾರ್ಕಿಂಗು, ಗೋಡೆಗೆ ಸಾಲಾಗಿ ನಾಲ್ಕು ಮೀಟರು, ಮೇಲೆ ನಾಲ್ಕು ಮನೆ, ಅಷ್ಟಕ್ಕೂ ಒಂದೇ ಪೈಪು. ಸೋಪಿನ ನೀರು ಸವರಿ, ಇಬ್ಬರು ಮೇಲಿಂದ ಜಗ್ಗಿ, ಒಬ್ಬ ಕೆಳಗಿಂದ ನೂಕಿ ತುರುಕಿದ್ದು.

ಎಣಿಸುವ ಕ್ರಮ ಸುಲಭ. ಫೇಸ್ ಲೆಕ್ಕಕ್ಕೆ ಬರುತ್ತದೆ. ಹೋದ ಕರೆಂಟು ಮರಳುವುದು ನ್ಯೂಟ್ರಲಿನಲ್ಲಿ, ಆದ್ದರಿಂದ ಅದೂ ಬರುತ್ತದೆ. ಹಸಿರು ಅರ್ಥ್ ವೈರಿಗೆ ವಿನಾಯಿತಿ. ಅದಕ್ಕೆ ಕೆಲಸ ಬೀಳುವುದು ಅವಘಡವಾದಾಗ. (ತ್ರೀ ಫೇಸಿನಲ್ಲಿ ಲೋಡು ಸಮವಾಗಿ ಹಂಚಿದ್ದರೆ ನ್ಯೂಟ್ರಲನ್ನೂ ಬಿಡಬಹುದು. ಎಲ್‌ಇಡಿ, ಕಂಪ್ಯೂಟರು ತುಂಬಿದ ಕಟ್ಟಡದಲ್ಲಿ ಅದನ್ನು ನಂಬಬೇಡಿ. ಅವುಗಳ ಹಾರ್ಮೋನಿಕ್ಸ್ ನ್ಯೂಟ್ರಲಿಗೆ ಬಂದು ಒಟ್ಟುಗೂಡುತ್ತವೆ.) ಅಲ್ಲಿಗೆ ನಾಲ್ಕು ಮನೆಗೆ ಎಂಟು ವೈರು, ಎಂಟೂ ಬಿಸಿಯಾಗುವಂಥವು.

4 ಚದರ ಮಿ.ಮೀ. ತಾಮ್ರದ ಪಿವಿಸಿ ವೈರಿನ ಒಂದು ಜೋಡಿ ತನ್ನದೇ ಪೈಪಿನಲ್ಲಿದ್ದರೆ, 30 ಡಿಗ್ರಿ ಹವೆಯಲ್ಲಿ 32 ಆಂಪಿಯರ್ ತಾಳುತ್ತದೆ. ನಾಲ್ಕು ಸರ್ಕ್ಯೂಟ್ ಒಟ್ಟಿಗಿದ್ದರೆ 0.65ರಿಂದ ಗುಣಿಸಬೇಕು: 21ಕ್ಕೂ ತುಸು ಕಡಿಮೆ. ಬೆಳಿಗ್ಗೆ ಏಳಕ್ಕೆ 3 ಕಿಲೋವ್ಯಾಟಿನ ಗೀಸರು, 2 ಕಿಲೋವ್ಯಾಟಿನ ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಹತ್ತಿರಹತ್ತಿರ 22. ನಾಲ್ಕೂ ಮನೆಯವರು ಸ್ನಾನ ಮಾಡುವುದು ಅದೇ ಹೊತ್ತಿಗೆ. ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ. ದಾಟಿದಷ್ಟೂ ಅದು ಬೇಗ ಮುದಿಯಾಗುತ್ತದೆ.

ಎಂಸಿಬಿ ಇದೆಯಲ್ಲ ಎನ್ನುವಿರಿ. ಇದೆ, 32ರದ್ದು. ಪೈಪಿನೊಳಗೆ ಪಕ್ಕದ ಮನೆಯ ವೈರು ಎಷ್ಟು ಬಿಸಿಯಾಗಿದೆ ಎಂಬುದು ಅದಕ್ಕೆ ತಿಳಿಯದು. ಅದೂ ಪದೇಪದೇ ಬಿದ್ದರೆ ತಾವು 40ರದ್ದು ಹಾಕಿಸಿ, ಅದರ ಖರ್ಚನ್ನು ಕರೆಂಟು ಬಿಲ್ಲಿನ ಜೊತೆ ಸೇರಿಸಿ ಕಳಿಸುತ್ತೀರಿ.

ಬೇಡಿಕೆ ಚಿಕ್ಕದು. ಇನ್ನೊಂದು ಪೈಪನ್ನು ತುಸು ದೂರದಲ್ಲಿ ಹಾಕಿಸಿ, ಎರಡೆರಡು ಮನೆ ಹಂಚಿ. ಆಗ 0.80ರ ಲೆಕ್ಕ, 25 ಆಂಪಿಯರ್ ಸಲೀಸು. ಎಂಸಿಬಿಯೂ 25ರದ್ದೇ ಇರಲಿ. ಇದೇ ನೆಪದಲ್ಲಿ ಬಾಡಿಗೆ ಏರಿಸುತ್ತೀರಿ, ಗೊತ್ತು. ಏರಿಸಿ.

ಇಂತಿ,
ಮೂರನೇ ಮಹಡಿಯವನು